ಅವರವರ ಹುಚ್ಚು

‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರು ಅಪೂರ್ವ. ಈ ಗಾದೆಯಲ್ಲಿ ಎರಡು ನಂಬಿಕೆಗಳು ಅಡಗಿವೆ. ಹುಚ್ಚೆಂಬುದು ಬಿಡಬೇಕಾದ ವಸ್ತು ಎಂಬುದೊಂದು. ಮದುವೆಯಾದ ಮೇಲಾದರೂ ಅದು ಬಿಟ್ಟುಹೋಗುತ್ತದೆ ಎಂಬುದು ಇನ್ನೊಂದು. ಎರಡನೆಯದು ಸುಳ್ಳೆಂಬುದಕ್ಕೆ ನಮ್ಮ ಮನೆಯಲ್ಲಿಯೇ ಸಾಕ್ಷಿಯುಂಟು. ಸಾಕ್ಷಿ ನುಡಿಯಬೇಕಾದವಳು ಈಗ ಪಕ್ಕದ ಕೋಣೆಯಲ್ಲಿ ಹೈಸ್ಕೂಲು ಹುಡುಗರ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಳೆ, ಕರೆಯುವುದು ಕ್ಷೇಮವಲ್ಲ. ಮೊದಲನೆಯ ನಂಬಿಕೆಯನ್ನು ಕುರಿತು ಮಾತ್ರ ಈ ವಾರ ನಾಲ್ಕು ಮಾತು ಆಡೋಣವೆಂದಿದ್ದೇನೆ.

ಹುಚ್ಚು ಎಂಬ ಪದದ ನಡತೆಯೇ ವಿಚಿತ್ರವಾದುದು. ‘ಅವನೊಬ್ಬ ಹುಚ್ಚ’ ಎಂದರೆ ಬೈಗುಳ. ‘ಅವರಿಗೆ ಸಂಗೀತದ ಹುಚ್ಚು’ ಎಂದರೆ ಅರ್ಧ ಮೆಚ್ಚುಗೆ. ಹೇಳುವವರ ತುಟಿಯಲ್ಲಿ ಸಣ್ಣ ನಗೆಯಿದ್ದರೂ ಕಣ್ಣಿನಲ್ಲಿ ಗೌರವವೂ ಉಂಟು. ಷಷ್ಠೀ ವಿಭಕ್ತಿಯ ಒಂದು ಪ್ರತ್ಯಯವು ಮನುಷ್ಯನ ಮಾನವನ್ನು ಹೀಗೆ ಕಾಪಾಡಬಲ್ಲದೆಂಬುದನ್ನು ಯಾವ ವ್ಯಾಕರಣವೂ ಹೇಳಿದಂತಿಲ್ಲ. ಇಂಗ್ಲಿಷಿನವರಿಗೆ ಈ ಅನುಕೂಲ ಇರಲಿಲ್ಲ. ಒಂದು ವಿಷಯವನ್ನು ಹಿಡಿದು ಹಗಲಿರುಳು ಅದರಲ್ಲಿಯೇ ಮುಳುಗುವವನನ್ನು ಅವರು ‘ಗೀಕ್’ ಎನ್ನುತ್ತಾರಷ್ಟೆ. ಆ ಪದದ ಪೂರ್ವಜನ್ಮವನ್ನು ವಿಚಾರಿಸಿದರೆ ಮರುಕ ಬರುತ್ತದೆ. ಹಿಂದೆ ಅದಕ್ಕೆ ‘ಮಂಕ’ ಎಂದೇ ಅರ್ಥ. ಅಮೆರಿಕದ ಜಾತ್ರೆಗಳಲ್ಲಿ ಜೀವಂತ ಕೋಳಿಯ ತಲೆಯನ್ನು ಕಚ್ಚಿ ತೋರಿಸಿ ಕಾಸು ಸಂಪಾದಿಸುತ್ತಿದ್ದವನಿಗೂ ಅದೇ ಹೆಸರಿತ್ತು. ಕಂಪ್ಯೂಟರಿನ ಕಾಲ ಬಂದ ಮೇಲೆ ಅದೇ ಪದ ಬಿರುದಾಗಿ, ಈಗ ಬನಿಯನ್ನಿನಂಥ ಅಂಗಿಗಳ ಎದೆಯ ಮೇಲೆ ಅಚ್ಚಾಗಿ ಬರುತ್ತಿದೆ. ನಮ್ಮ ಕಾಲೇಜಿನಲ್ಲಿಯೂ ಅಂಥ ಅಂಗಿ ತೊಟ್ಟವರಿದ್ದಾರೆ. ಅವರಲ್ಲಿ ಬಹುಮಂದಿಗೆ ಯಾವ ಹುಚ್ಚೂ ಇಲ್ಲ, ಅಂಗಿ ಮಾತ್ರ ಇದೆ.

ನಮ್ಮ ವಿದ್ಯಾರ್ಥಿಗಳ ಬಾಯಲ್ಲಿ ‘ಕುಡುಮಿ’ ಎಂಬ ಮತ್ತೊಂದು ಪದ ಓಡಾಡುತ್ತದೆ. ಸದಾ ಪುಸ್ತಕ ಹಿಡಿದಿರುವವನನ್ನು ಹಾಗೆ ಕರೆದು ಹಾಸ್ಯ ಮಾಡುತ್ತಾರೆ. ಕುಡುಮಿಯನ್ನೂ ಹುಚ್ಚನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕುಡುಮಿಯು ಪರೀಕ್ಷೆಯಲ್ಲಿ ಕೇಳುವುದನ್ನು ಓದುತ್ತಾನೆ. ಹುಚ್ಚನು ಯಾವ ಪರೀಕ್ಷೆಯಲ್ಲಿಯೂ ಯಾರೂ ಕೇಳದಿರುವುದನ್ನು ಓದುತ್ತಾನೆ. ಆದುದರಿಂದಲೇ ಮೊದಲನೆಯವನ ತಂದೆತಾಯಿಗಳು ನನ್ನ ಮನೆಗೆ ಸಿಹಿ ಹಿಡಿದುಕೊಂಡು ಬರುತ್ತಾರೆ, ಎರಡನೆಯವನ ತಂದೆತಾಯಿಗಳು ದೂರು ಹೊತ್ತುಕೊಂಡು ಬರುತ್ತಾರೆ.

ಕೇಳುವವರಿಲ್ಲದ ಓದಿಗೆ ನಮ್ಮ ಭಾಷೆಯಲ್ಲಿ ಘನವಾದ ಪರಂಪರೆಯೇ ಇದೆ. ಹೊಯ್ಸಳರ ಕಾಲದಲ್ಲಿ, ಹದಿಮೂರನೆಯ ಶತಮಾನದ ನಡುವಿನಲ್ಲಿ, ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ಬರೆದನು. ಆ ವೇಳೆಗೆ ೞ ಎಂಬ ಅಕ್ಷರದ ಉಚ್ಚಾರಣೆ ಕನ್ನಡಿಗರ ನಾಲಗೆಯಿಂದ ಜಾರಿಹೋಗಿತ್ತು. ಏೞು, ಮೞೆ, ಬಾೞೆ ಎಂಬುವನ್ನು ಜನ ಏಳು, ಮಳೆ, ಬಾಳೆ ಎಂದೇ ಆಡತೊಡಗಿದ್ದರು. ತಮಿಳರೂ ಮಲೆಯಾಳಿಗಳೂ ಆ ಧ್ವನಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. ಕೇಶಿರಾಜನು ಏನು ಮಾಡಿದನು? ಜನ ಬಿಟ್ಟುಬಿಟ್ಟ ಆ ಅಕ್ಷರವುಳ್ಳ ಪದಗಳನ್ನು ಒಂದೊಂದಾಗಿ ಆರಿಸಿ ಪಟ್ಟಿ ಮಾಡಿಟ್ಟನು. ಹೀಗೆ ಯಾರೂ ಆಡದ ಸದ್ದಿಗೆ ಲೆಕ್ಕ ಬರೆದಿಟ್ಟ ಪುಣ್ಯಾತ್ಮ ಆತ. ನನಗೆ ಹಿಡಿದಿರುವುದೂ ಇದೇ ಅಕ್ಷರದ ಗೀಳು. “ಏನ್ರೀ, ನಿಮ್ಮ ರಳ ಕುಳ ಕ್ಷಳ ಎಲ್ಲ ಆದಮೇಲೆ ಹಾಲು ತರುತ್ತೀರೋ, ಅಥವಾ ಅದೂ ಲುಪ್ತವಾಯಿತೋ?” ಎಂದು ಮನೆಯಲ್ಲಿ ಕೇಳುವುದುಂಟು. ಲುಪ್ತ ಎಂಬ ಪಾರಿಭಾಷಿಕ ಪದವನ್ನು ಆಕೆ ಕಲಿತದ್ದು ನನ್ನಿಂದಲೇ ಎಂಬ ಹೆಮ್ಮೆಯಿಂದ ನಾನು ಚೀಲ ಹಿಡಿದು ಹೊರಡುತ್ತೇನೆ.

ಹಾಸನದ ಸೀಮೆಯವರಿಗೆ ಇಂಥ ಹುಚ್ಚಿನ ದೊಡ್ಡ ಸ್ಮಾರಕವನ್ನು ತೋರಿಸಬೇಕಾದರೆ ನಾನು ಚನ್ನರಾಯಪಟ್ಟಣದ ದಾರಿಯಾಗಿ ಶ್ರವಣಬೆಳಗೊಳಕ್ಕೆ ಕರೆದೊಯ್ಯುತ್ತೇನೆ. ಗೊಮ್ಮಟನನ್ನು ಕುರಿತು ಈ ಮಾತು ಹೇಳುತ್ತಿಲ್ಲ. ದೊಡ್ಡ ಬೆಟ್ಟಕ್ಕೆ ಜನ ಹೇಗೂ ಹೋಗುತ್ತಾರೆ. ಎದುರಿಗಿರುವ ಚಿಕ್ಕ ಬೆಟ್ಟವನ್ನು ಹತ್ತಬೇಕು. ಶಾಸನಗಳು ಕಟವಪ್ರವೆಂದೂ ಕಳ್ಬಪ್ಪು ಎಂದೂ ಕರೆದಿರುವ ಈ ಬೆಟ್ಟದ ಬೋಳು ಬಂಡೆಯ ಮೇಲೆ ಕ್ರಿ.ಶ. 600ರ ಸುಮಾರಿನಿಂದ ಹಿಡಿದು ಎಷ್ಟೋ ಬರಹಗಳಿವೆ. ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಮುನಿಗಳ, ಗಂತಿಯರ ನೆನಪಿಗೆ ಕೆತ್ತಿದವು ಹಲವು. ಬಂದುಹೋದ ಯಾತ್ರಿಕರು ಬರಿಯ ತಮ್ಮ ಹೆಸರನ್ನು ಕೊರೆದುಹೋದದ್ದೂ ಉಂಟು. ಈಗಿನವರು ಹಾಗೆ ಕೊರೆದರೆ ದಂಡ ಹಾಕಬೇಕು. ಸಾವಿರ ವರ್ಷದ ಹಿಂದಿನವರು ಕೊರೆದುದಕ್ಕೆ ನಾವು ಕೃತಜ್ಞರಾಗಿರಬೇಕು. ನ್ಯಾಯ ವಿಚಿತ್ರವೇ ಸರಿ.

ಬಿ. ಎಲ್. ರೈಸ್ ಎಂಬವರು ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ, ಪಾದ್ರಿಯೊಬ್ಬರ ಮಗನಾಗಿ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಅವರಿಗೆ ಉದ್ಯೋಗ. ಶಾಲೆಗಳ ತನಿಖೆಗೆಂದು ಊರೂರು ತಿರುಗುವ ಅಧಿಕಾರಿಯು ಸಂಜೆ ಮುಸಾಫಿರಖಾನೆಯಲ್ಲಿ ಕಾಲು ಚಾಚಿದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆತನಿಗೆ ಕಲ್ಲುಗಳ ಮೇಲೆ ಕಣ್ಣು ಬಿದ್ದಿತು. ಕೊನೆಗೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹನ್ನೆರಡು ಸಂಪುಟಗಳಲ್ಲಿ ಒಟ್ಟು 8,869 ಶಾಸನಗಳು ಅಚ್ಚಾದವು. ಹಾಸನ ಜಿಲ್ಲೆಯದು ಐದನೆಯ ಸಂಪುಟ, 1902ರದು. ಶ್ರವಣಬೆಳಗೊಳಕ್ಕೆಂದೇ ಮೀಸಲಾದ ಎರಡನೆಯ ಸಂಪುಟ ಅದಕ್ಕೂ ಮುಂಚೆಯೇ, 1889ರಲ್ಲಿ, 144 ಶಾಸನಗಳೊಡನೆ ಹೊರಬಂದಿತು.

ರೈಸರ ಬಳಿಕ ಪುರಾತತ್ವ ಇಲಾಖೆಯ ಹೊಣೆ ಹೊತ್ತವರು ಆರ್. ನರಸಿಂಹಾಚಾರ್ಯರು, ‘ಕರ್ಣಾಟಕ ಕವಿಚರಿತೆ’ಯ ಕರ್ತೃಗಳು. ಕನ್ನಡದಲ್ಲಿ ಎಂ.ಎ. ಮಾಡಿದವರಲ್ಲಿ ಮೊದಲಿಗರು, ನನ್ನಂಥವರ ಪದವಿಗೆ ಅವರೇ ಮೂಲಪುರುಷರು. ಅದೇ ಬೆಟ್ಟ, ಅದೇ ಬಂಡೆ, ಅದೇ ಊರು, ಸುತ್ತಲಿನ ಅವೇ ಹಳ್ಳಿಗಳು. ನರಸಿಂಹಾಚಾರ್ಯರು ಮತ್ತೆ ಹತ್ತಿ ಇಳಿದು ಬಗ್ಗಿ ನೋಡಿ 1923ರಲ್ಲಿ ಪರಿಷ್ಕೃತ ಸಂಪುಟವನ್ನು ಪ್ರಕಟಿಸಿದಾಗ 144 ಇದ್ದದ್ದು 500 ಆಗಿತ್ತು! ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು 1973ರಲ್ಲಿ ಮತ್ತೊಮ್ಮೆ ಹೊರತಂದಾಗ ಸಂಖ್ಯೆ 573ಕ್ಕೆ ಏರಿತು. ಕಲ್ಲು ಮರಿಹಾಕಲಿಲ್ಲ, ನೋಡುವವರು ಮೂರು ಸಲ ನೋಡಿದರು, ಅಷ್ಟೆ. ನೋಡುವುದೂ ಸುಲಭದ ಕೆಲಸವಲ್ಲ. ನೆತ್ತಿಯ ಮೇಲೆ ಬಿಸಿಲಿದ್ದಾಗ ಸವೆದ ಅಕ್ಷರ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಬಿದ್ದು ಗೀರಿನ ಅಂಚಿನಲ್ಲಿ ನೆರಳು ಹುಟ್ಟಿದಾಗ ಮಾತ್ರ ಅಕ್ಷರ ಎದ್ದು ನಿಲ್ಲುತ್ತದೆ. ಪಡಿಯಚ್ಚು ತೆಗೆಯಬೇಕಾದರೆ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಗೀರುಗಳೊಳಕ್ಕೆ ಇಳಿಸಿ, ಮೇಲೆ ಮಸಿಯ ಉಂಡೆಯನ್ನು ಒತ್ತಬೇಕು. ಕಾಗದವೆಲ್ಲ ಕಪ್ಪಾಗಿ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಇಷ್ಟೆಲ್ಲ ಆದಮೇಲೆ ದೊರೆಯುವುದು ಕೆಲವೊಮ್ಮೆ ಒಬ್ಬ ಯಾತ್ರಿಕನ ಹೆಸರು.

ಈ ವಿಷಯವನ್ನು ಇಷ್ಟು ಎಳೆಯುವುದಕ್ಕೆ ಕಾರಣವುಂಟು. ಕೆಲವು ತಿಂಗಳ ಹಿಂದೆ ಹಿರಿಯರೊಬ್ಬರು ತಮ್ಮ ಮಗನನ್ನು ಮುಂದಿಟ್ಟುಕೊಂಡು ನಮ್ಮ ಮನೆಗೆ ಬಂದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮೂಲತಃ ಅರಕಲಗೂಡು ತಾಲ್ಲೂಕಿನ ಕಡೆಯವರು. ಹುಡುಗ ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾನೆ.

“ಮೇಷ್ಟ್ರೇ, ಇವನಿಗೆ ನೀವಾದರೂ ನಾಲ್ಕು ಬುದ್ಧಿಮಾತು ಹೇಳಬೇಕು. ಭಾನುವಾರ ಬಂತೆಂದರೆ ತಿಂಡಿಗೂ ನಿಲ್ಲದೆ ಬಸ್ಸು ಹತ್ತುತ್ತಾನೆ. ಹೋದ ವಾರ ಚನ್ನರಾಯಪಟ್ಟಣದ ಕಡೆ ಯಾವುದೋ ಕೆರೆಯ ಏರಿಯ ಮೇಲೆ ಕಲ್ಲು ಸವರುತ್ತ ಕುಳಿತಿದ್ದನಂತೆ. ಊರಿನವರು ನಿಧಿಗಳ್ಳನೆಂದು ಹಿಡಿದು ಪೊಲೀಸರಿಗೆ ಒಪ್ಪಿಸುವುದರಲ್ಲಿದ್ದರು. ಪುಣ್ಯಕ್ಕೆ ನನ್ನ ಪರಿಚಯದವರೊಬ್ಬರು ಅಲ್ಲಿದ್ದರು.”

ಊರಿನವರನ್ನು ಅನ್ನುವಂತಿಲ್ಲ. ನಿಧಿಯ ಆಸೆಗೆ ವೀರಗಲ್ಲುಗಳನ್ನು ಬುಡಮೇಲು ಮಾಡುವ ಕಳ್ಳರು ನಮ್ಮ ನಾಡಿನಲ್ಲಿ ಕಡಮೆಯಿಲ್ಲ. ಹುಡುಗ ತಲೆ ಎತ್ತಲಿಲ್ಲ. ತಂದೆಯವರು ಕಾಫಿ ಮುಗಿಸಿ ಹೊರಗೆ ಫೋನಿನಲ್ಲಿ ಮಾತನಾಡಲು ಎದ್ದಾಗ, ನಾನು ಅವನ ಕೈಯಲ್ಲಿದ್ದ ಲೆಕ್ಕಶಾಸ್ತ್ರದ ರೆಕಾರ್ಡು ಪುಸ್ತಕವನ್ನು ಕೇಳಿ ತೆಗೆದುಕೊಂಡೆ. ಮೊದಲ ಹತ್ತು ಪುಟ ಜಮಾಖರ್ಚು. ಹನ್ನೊಂದನೆಯ ಪುಟದಿಂದ ವೀರಗಲ್ಲುಗಳು! ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಎಲ್ಲವನ್ನೂ ಅಳತೆಯೊಡನೆ ಪೆನ್ಸಿಲಿನಲ್ಲಿ ಬರೆದಿದ್ದಾನೆ. ಬದಿಯಲ್ಲಿ ಅಕ್ಷರಗಳ ನಕಲು. ಎರಡು ಕಡೆ ಱ ಎಂಬುದನ್ನು ಗುರುತಿಸದೆ ‘ಕೆಱೆ’ಯ ಬಳಿ ಪ್ರಶ್ನಾರ್ಥಕ ಚಿಹ್ನೆ ಹಾಕಿಕೊಂಡಿದ್ದ, ಉಳಿದುದನ್ನು ಬಹಳ ಎಚ್ಚರಿಕೆಯಿಂದ ಓದಿದ್ದ. ಯಾರೂ ಹೇಳಿಕೊಟ್ಟವರಿಲ್ಲ.

“ಇದನ್ನೇಕೆ ರೆಕಾರ್ಡಿನಲ್ಲಿ ಬಚ್ಚಿಟ್ಟೆ?”

“ನಗ್ತಾರೆ ಸಾರ್.”

“ಯಾರು?”

“ಎಲ್ಲಾರೂ.”

ಈ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ನಗುವವರ ಮೇಲೆ ನನಗೆ ಕೋಪವಿಲ್ಲ. ನಗೆಯು ಲೋಕದ ಹಕ್ಕು. ಕೇಡು ಇರುವುದು ಬಚ್ಚಿಡುವುದರಲ್ಲಿ. ಬಚ್ಚಿಟ್ಟ ಹುಚ್ಚನ್ನು ತಿದ್ದುವವರಿಲ್ಲ. ಱಕಾರದ ಬಳಿಯ ಆ ಪ್ರಶ್ನಾರ್ಥಕ ಚಿಹ್ನೆಗೆ ಅರ್ಧ ನಿಮಿಷದಲ್ಲಿ ಉತ್ತರ ಹೇಳಬಹುದಾಗಿತ್ತು, ಆದರೆ ಜಮಾಖರ್ಚಿನ ಹಿಂದೆ ಅಡಗಿ ಕುಳಿತಿದ್ದರೆ ಹೇಳುವವರು ಯಾರು? ರೈಸರು 144ನ್ನು ಅಚ್ಚುಹಾಕಿಸಿ ಊರಿಗೆಲ್ಲ ತೋರಿಸಿದ್ದರಿಂದಲೇ ಅದು ಸಾಲದೆಂದು ನರಸಿಂಹಾಚಾರ್ಯರಿಗೆ ತಿಳಿಯಿತು. ತನ್ನ ಹುಚ್ಚನ್ನು ಒಪ್ಪಿಕೊಳ್ಳುವುದೆಂದರೆ ಎದೆಯ ಮೇಲೆ ಅಚ್ಚುಹಾಕಿಸಿಕೊಂಡು ತಿರುಗುವುದೆಂದು ನಾನು ಭಾವಿಸುವುದಿಲ್ಲ. ನೋಟ್‌ಬುಕ್ಕನ್ನು ಮೇಜಿನ ಮೇಲೆ ತೆರೆದಿಟ್ಟು, ‘ಇಲ್ಲಿ ತಪ್ಪಿದ್ದರೆ ಹೇಳಿ’ ಎನ್ನುವಷ್ಟು ಧೈರ್ಯ ಬಂದರೆ ಅದೇ ಒಪ್ಪಿಗೆ.

ಹೊಳೆನರಸೀಪುರದಲ್ಲಿ ಅಂಥ ಧೈರ್ಯದ ನಿದರ್ಶನವೊಂದಿದೆ. ಯಲ್ಲಂಬಳಸೆ ಸುಬ್ರಹ್ಮಣ್ಯ ಶರ್ಮರೆಂಬವರು 1880ರಲ್ಲಿ ಹುಟ್ಟಿದರು. ವೃತ್ತಿಯಿಂದ ಶಾಲೆಯ ಉಪಾಧ್ಯಾಯರು. 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿದರು. 1948ರಲ್ಲಿ ಸಂನ್ಯಾಸ ಪಡೆದು ಸಚ್ಚಿದಾನಂದೇಂದ್ರ ಸರಸ್ವತಿಗಳಾದರು. ಅವರಿಗೆ ಹಿಡಿದ ಪ್ರಶ್ನೆ ಒಂದೇ: ಶಂಕರಾಚಾರ್ಯರು ನಿಜವಾಗಿ ಹೇಳಿದ್ದೇನು, ಮುಂದಿನವರು ಸೇರಿಸಿದ್ದೇನು? ಇದರ ಒಂದು ಎಳೆಯನ್ನು ವ್ಯಾಕರಣದ ಮೂಲಕ ಹೇಳಿದರೆ ಓದುಗರಿಗೆ ರುಚಿಸೀತು. ಆಚಾರ್ಯರ ಭಾಷ್ಯದ ಆರಂಭದಲ್ಲಿ ‘ಮಿಥ್ಯಾಜ್ಞಾನ’ ಎಂಬ ಮಾತು ಬರುತ್ತದೆ. ಇದನ್ನು ಮಿಥ್ಯಾ, ಅಜ್ಞಾನ ಎಂದೂ ಬಿಡಿಸಬಹುದು. ಮಿಥ್ಯಾ, ಜ್ಞಾನ ಎಂದೂ ಬಿಡಿಸಬಹುದು. ಸಂಧಿಯಾದ ಮೇಲೆ ಎರಡಕ್ಕೂ ರೂಪವೊಂದೇ. ಪಂಚಪಾದಿಕೆಯ ವ್ಯಾಖ್ಯಾನಕಾರರು ಮೊದಲನೆಯ ದಾರಿ ಹಿಡಿದರು. ಆ ದಾರಿಯಲ್ಲಿ ಮುಂದೆ ನಡೆದವರಲ್ಲಿ, ಜಗತ್ತಿಗೇ ಉಪಾದಾನವಾದ ‘ಮೂಲಾವಿದ್ಯೆ’ಯೆಂಬುದೊಂದು ಇದೆ ಎಂಬ ಸಿದ್ಧಾಂತ ಬೆಳೆಯಿತು. ಇದು ಆಚಾರ್ಯರ ಮತವೇ ಅಲ್ಲವೆಂದು ಶರ್ಮರು 1929ರಲ್ಲಿ ‘ಮೂಲಾವಿದ್ಯಾನಿರಾಸ’ವೆಂಬ ಸಂಸ್ಕೃತ ಗ್ರಂಥವನ್ನು ಪ್ರಕಟಿಸಿ ಪಂಡಿತರ ಮುಂದಿಟ್ಟರು. ಒಬ್ಬ ಶಾಲಾಮಾಸ್ತರರು ಶತಮಾನಗಳ ವ್ಯಾಖ್ಯಾನಕಾರರಿಗೆ ಎದುರು ನಿಂತರೆ ಪಂಡಿತಲೋಕ ಸುಮ್ಮನಿರುತ್ತದೆಯೆ? ಆಕ್ಷೇಪಣೆಗಳು ಬಂದವು, ಅವಕ್ಕೆ ಸಮಾಧಾನ ಹೇಳುತ್ತಲೇ ಅವರ ಆಯುಷ್ಯ ಸವೆಯಿತು. ‘ವೇದಾಂತಪ್ರಕ್ರಿಯಾಪ್ರತ್ಯಭಿಜ್ಞಾ’ ಎಂಬ ಮಹಾಗ್ರಂಥ ಹೊರಬಂದದ್ದು 1964ರಲ್ಲಿ, ಅವರ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ. 1975ರಲ್ಲಿ ದೇಹ ಬಿಡುವ ವೇಳೆಗೆ ಕನ್ನಡ, ಸಂಸ್ಕೃತ, ಇಂಗ್ಲಿಷುಗಳಲ್ಲಿ ಇನ್ನೂರಕ್ಕೂ ಹೆಚ್ಚು ಪುಸ್ತಕಗಳಾಗಿದ್ದವು. ಅವರ ತೀರ್ಮಾನ ಸರಿಯೆ ತಪ್ಪೆ ಎಂದು ವೇದಾಂತಿಗಳು ಇಂದಿಗೂ ವಾದಿಸುತ್ತಿದ್ದಾರೆ. ಹಾಗೆ ವಾದಿಸಲು ಸಾಧ್ಯವಾಗುವಂತೆ ಎಲ್ಲವನ್ನೂ ಬರೆದಿಟ್ಟು ಹೋದರಲ್ಲ, ನನಗೆ ಅದು ದೊಡ್ಡದು.

ಹೀಗೆಂದ ಮಾತ್ರಕ್ಕೆ ಎಲ್ಲ ಹುಚ್ಚನ್ನೂ ಹೊಗಳಲು ಹೊರಟೆನೆಂದು ತಿಳಿಯಬಾರದು. ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತು ಹೋಳಿಗೆ ಬರುವ ಮುನ್ನವೇ ತನ್ನ ಕ್ಯಾಮೆರಾದ ಮಸೂರಗಳ ವಂಶಾವಳಿಯನ್ನು ಹೇಳಲು ತೊಡಗುವ ಮಹಾನುಭಾವರನ್ನು ಕಂಡರೆ ನಾನೂ ಎಲೆ ಬದಲಾಯಿಸುತ್ತೇನೆ. ತನಗೆ ತಿಳಿದದ್ದು ಇತರರಿಗೆ ತಿಳಿಯದೆಂದು ಮೂಗು ಮುರಿಯುವ ಜಾತಿಯೂ ಒಂದಿದೆ. ಅದು ಬರಿಯ ಜಂಬ. ಮನೆಯವರು ತೆರುವ ಬೆಲೆಯೂ ಸಣ್ಣದಲ್ಲ. ಒಬ್ಬನು ಬೆಟ್ಟ ಹತ್ತಿದ ಭಾನುವಾರ ಇನ್ನೊಬ್ಬರು ಗ್ಯಾಸಿನವನಿಗೆ ಕಾದಿರುತ್ತಾರೆ. ಅದನ್ನು ಲೆಕ್ಕಕ್ಕೆ ಹಿಡಿಯದವನ ಹುಚ್ಚು ಎಷ್ಟೇ ಉದಾತ್ತವಾಗಿರಲಿ, ನನಗೆ ಅಷ್ಟಾಗಿ ಗೌರವವಿಲ್ಲ.

ಇನ್ನು ಸಂಬಳ ಬರುವ ಹುಚ್ಚಿಗೆ ಯಾರ ಆಕ್ಷೇಪಣೆಯೂ ಇಲ್ಲ. ಹಾಸನದಲ್ಲಿಯೇ ಇಸ್ರೋದವರ ಪ್ರಧಾನ ನಿಯಂತ್ರಣ ಕೇಂದ್ರವಿದೆ. 1982ರಲ್ಲಿ ಆರಂಭವಾದದ್ದು. ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳು ತಮ್ಮ ಸ್ಥಾನದಿಂದ ಕೂದಲೆಳೆಯಷ್ಟು ಅತ್ತಿತ್ತ ಸರಿಯದಂತೆ ಹಗಲೂ ರಾತ್ರಿಯೂ ಕಾಯುವವರು ಅಲ್ಲಿದ್ದಾರೆ. ನಡುರಾತ್ರಿಯಲ್ಲಿ ಡಿಗ್ರಿಯ ಭಾಗಾಂಶಕ್ಕಾಗಿ ಕಣ್ಣು ಕೀಳದೆ ಕುಳಿತವರನ್ನು ವಿಜ್ಞಾನಿಗಳೆಂದು ಕರೆದು ಹೆಣ್ಣು ಕೊಡುತ್ತೇವೆ. ಅದೇ ಏಕಾಗ್ರತೆ ಕೆರೆಯ ಏರಿಯ ಮೇಲೆ ಕಂಡುಬಂದರೆ ಪೊಲೀಸರಿಗೆ ಫೋನು ಮಾಡುತ್ತೇವೆ.

ಹುಡುಗನ ತಂದೆಯವರ ವಿಷಯಕ್ಕೆ ಬರೋಣ. ಅವರ ಮೂಲ ಅರಕಲಗೂಡಿನ ಕಡೆ ಎಂದೆನಷ್ಟೆ. ಕಾವೇರಿಯ ದಡದ ರುದ್ರಪಟ್ಟಣ ಆ ತಾಲ್ಲೂಕಿನದೇ. ಆರ್. ಕೆ. ಶ್ರೀಕಂಠನ್ ಅವರು 1920ರಲ್ಲಿ ಹುಟ್ಟಿದ ಊರು. ತೊಂಬತ್ತು ದಾಟಿದ ಮೇಲೂ ಶ್ರುತಿ ಕದಲದೆ ಕಚೇರಿ ಮಾಡಿ 2014ರಲ್ಲಿ ತೀರಿಕೊಂಡ ಮಹನೀಯರು ಅವರು. ಅಲ್ಲಿ ವಿದ್ವಾನ್ ಆರ್. ಕೆ. ಪದ್ಮನಾಭ ಅವರು ಸಪ್ತಸ್ವರಗಳ ದೇವತೆಗಳಿಗೆಂದು ತಂಬೂರಿಯ ಆಕಾರದಲ್ಲಿಯೇ ಒಂದು ಧ್ಯಾನಮಂದಿರ ಕಟ್ಟಿಸಿದ್ದಾರೆ. ಒಂದು ಹುಚ್ಚಿಗೆ ಇಡೀ ಊರೇ ಪಾಲುದಾರನಾದರೆ ಅದಕ್ಕೆ ಗೋಪುರವೇ ಏಳುತ್ತದೆ, ಯಾರೂ ನಗುವುದಿಲ್ಲ. ಈ ಮಾತು ಹೇಳುತ್ತ ನಾನು ಆ ಹಿರಿಯರನ್ನು ಸುಮ್ಮನೆ ಕೇಳಿದೆ: “ತಮಗೆ ಸಂಗೀತದ ಅಭಿರುಚಿ ಇರಬೇಕಲ್ಲವೆ?”

ಅವರ ಮುಖ ಬೆಳಗಿತು. ನಲವತ್ತು ವರ್ಷಗಳಿಂದ ತಾವು ಕೇಳಿದ ಪ್ರತಿಯೊಂದು ಕಚೇರಿಯ ವಿವರವನ್ನೂ ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದಾರಂತೆ! ರಾಗ, ಕೃತಿ, ಪಕ್ಕವಾದ್ಯದವರು, ನೆರವಲ್ ಎಲ್ಲಿ ಮಾಡಿದರು ಎಂಬುದರವರೆಗೆ. ಬೆಂಗಳೂರಿನ ಚಾಮರಾಜಪೇಟೆಯ ರಾಮನವಮಿ ಕಚೇರಿಗಳಿಗೆಂದೇ ಬೇರೆ ಪುಸ್ತಕಗಳಿವೆಯಂತೆ. ಹುಡುಗ ಬೆರಗಾಗಿ ತಂದೆಯ ಕಡೆ ನೋಡಿದ. ಅವನಿಗೆ ಗೊತ್ತೇ ಇರಲಿಲ್ಲ. ಅವೂ ಬೀರುವಿನಲ್ಲಿ, ವಿಮೆಯ ಕಾಗದಗಳ ಕೆಳಗೆ ಇದ್ದವಂತೆ.

ನಾನು ಆ ದಿನ ಹುಡುಗನಿಗೆ ಬುದ್ಧಿ ಹೇಳಿದ್ದು ನಿಜ. ಪರೀಕ್ಷೆ ಮುಗಿಸು, ಹಳ್ಳಿಗೆ ಹೋದರೆ ಮೊದಲು ಪಂಚಾಯತಿಯಲ್ಲಿಯೋ ಶಾಲೆಯಲ್ಲಿಯೋ ತಿಳಿಸು, ಕಲ್ಲಿಗೆ ಸೀಮೆಸುಣ್ಣವನ್ನಾಗಲಿ ಎಣ್ಣೆಯನ್ನಾಗಲಿ ಹಚ್ಚಬೇಡ, ಮೊಬೈಲಿನ ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದು ಚಿತ್ರ ತೆಗೆ ಎಂದೆ. ಜೊತೆಗೆ ಬೆಂಗಳೂರಿನ ಪಿ. ಎಲ್. ಉದಯಕುಮಾರ್ ಅವರ ವಿಷಯ ತಿಳಿಸಿದೆ. ಎಂಜಿನಿಯರ್ ಆದ ಅವರೂ ಅವರ ಗೆಳೆಯರೂ ಹವ್ಯಾಸಕ್ಕೆಂದು ಊರಿನ ಶಾಸನಗಳನ್ನು ಹುಡುಕಲು ಆರಂಭಿಸಿದವರು. ಆ ಕೆಲಸ ಬೆಳೆದು, 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಈಗ ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಯಾರು ಬೇಕಾದರೂ ನೋಡುವಂತೆ ಇಡುವ ಯೋಜನೆಯಾಗಿದೆ. ಹೆಬ್ಬಾಳದ ಕ್ರಿ.ಶ. 750ರ ಸುಮಾರಿನ ಕಿತ್ತಯ್ಯನ ಶಾಸನ ಚರಂಡಿಯ ಪಾಲಾಗದೆ ಉಳಿದದ್ದು ಇಂಥವರ ಕಣ್ಣಿನಿಂದ.

ಪರೀಕ್ಷೆ ಮುಗಿದ ಮೇಲೆ ಒಂದು ಮುಂಜಾನೆ ನಾವು ಮೂವರೂ ಚಿಕ್ಕ ಬೆಟ್ಟ ಹತ್ತಿದೆವು. ತಂದೆಯವರು ಮೊದಲು ನೆರಳು ಹುಡುಕಿದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು ಮಗನ ಹಿಂದೆ ನಿಂತರು. ಸೂರ್ಯ ಇನ್ನೂ ಕೆಳಗಿದ್ದ; ಬಂಡೆಯ ಮೇಲೆ ಅಕ್ಷರಗಳು ಕಪ್ಪು ಗೆರೆಗಳಾಗಿ ಎದ್ದಿದ್ದವು.

“ಇದು ಪುಸ್ತಕದಲ್ಲಿ ಎಷ್ಟನೆಯದು?” ಎಂದು ತಂದೆ ಕೇಳಿದರು. ಹುಡುಗ ಪುಸ್ತಕ ತೆರೆಯದೆಯೇ ಸಂಖ್ಯೆ ಹೇಳಿದ.

“ಬಾಯಿಪಾಠವೇನೋ?”

“ಹೂಂ ಅಣ್ಣ. ನಿಮಗೆ ರಾಮನವಮಿ ಕಚೇರಿಗಳು ಬಾಯಿಗೆ ಬರೋಲ್ವಾ?”

ಅವರು ಏನೂ ಹೇಳದೆ ಪಂಚೆಯನ್ನು ಎತ್ತಿಕಟ್ಟಿ ಬಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು, ಕನ್ನಡಕ ಸರಿಮಾಡಿಕೊಂಡು, ಮೊದಲ ಅಕ್ಷರ ಯಾವುದೆಂದು ಕೇಳಿದರು.